ಫ್ಯಾನ್ ಇಲ್ಲದ ಲ್ಯಾಪ್‌ಟಾಪ್

ಮಾರ್ಚ್ 3, ಬೆಳಿಗ್ಗೆ

ಮತ್ತೆ ಹ್ಯಾಂಗ್. ಅಕ್ಕ ಓದಿದ ಪಾಠ ಸೇವ್ ಆಗುವ ಹೊತ್ತಿಗೆ ಸ್ಕ್ರೀನ್ ಕಪ್ಪು. ಪಟ್ಟ ಪಾಡೆಲ್ಲ ನೀರುಪಾಲು. ಈ ಲ್ಯಾಪ್‌ಟಾಪಿನ ಫ್ಯಾನ್ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತದೆ. ಅದರ ಕಾಟಕ್ಕೇ ಅಕ್ಕ ಬಟ್ಟೆ ಕಪಾಟಿನೊಳಗೆ ಸ್ಟೂಲ್ ಹಾಕಿಕೊಂಡು, ಭಾವನ ಕೋಟುಗಳ ನಡುವೆ ತಲೆ ತೂರಿಸಿ ಓದುವುದು. ಸದ್ದು ಅಲ್ಲಿಗೂ ನುಸುಳುತ್ತದೆ.

ಅಂಧ ಮಕ್ಕಳ ಶಾಲೆಗೆ ಅವಳು ಪಾಠ ಓದುತ್ತಾಳೆ, ನಾನು ಎಡಿಟ್ ಮಾಡುತ್ತೇನೆ. ಎಷ್ಟೋ ವರ್ಷದಿಂದ ಇದೇ. ಏಪ್ರಿಲ್ ಕೊನೆಗೆ ಅವಳ ಗಂಟಲಿನ ಆಪರೇಷನ್. ಆಮೇಲೂ ಧ್ವನಿ ಹೀಗೇ ಇರುತ್ತದೆಂದು ಡಾಕ್ಟರ್ ಮಾತು ಕೊಟ್ಟಿಲ್ಲ. ಅಷ್ಟರೊಳಗೆ ಪುಸ್ತಕ ಮುಗಿಯಬೇಕು. ಹೊಸ ಲ್ಯಾಪ್‌ಟಾಪ್ ಇಲ್ಲದೆ ಆಗದು.

ಮಾರ್ಚ್ 5

ಅಂಗಡಿಗೆ ಹೋಗಿ ಬರಿಗೈಯಲ್ಲಿ ಬಂದೆ. ಅಂಗಡಿಯವನು ಗುಟ್ಟು ಹೇಳುವವನಂತೆ ಬಗ್ಗಿದ. "ಮುಂದಿನ ತಿಂಗಳು ಹೊಸ ಮಾಡೆಲ್ ಬರ್ತಿದೆ ಸಾರ್. ಈಗ ತಗೊಂಡ್ರೆ ಆಮೇಲೆ ನನ್ನನ್ನೇ ಬೈಕೋತೀರಾ." ಅದಕ್ಕೆ ಫ್ಯಾನೇ ಇಲ್ಲವಂತೆ. ಫ್ಯಾನೇ ಇಲ್ಲ... ಅಲ್ಲೇ ಮನಸ್ಸು ಜಾರಿತು.

ಮಾರ್ಚ್ 8

ರಿವ್ಯೂ ನೋಡಿ ನೋಡಿ ಕಣ್ಣುರಿ. ಒಬ್ಬ ಕಾಯಿರಿ ಅನ್ನುತ್ತಾನೆ, ಇನ್ನೊಬ್ಬ ಕಾಯುವುದು ಮೂರ್ಖತನ ಅನ್ನುತ್ತಾನೆ. ಕೊನೆಗೆ ನಿರ್ಧಾರ — ಹೊಸದು ಬರುವ ತನಕ ರೆಕಾರ್ಡಿಂಗ್ ಬಂದ್. ಈಗ ಓದಿಸಿ, ಆಮೇಲೆ ಮತ್ತೆ ಓದಿಸಿ ಗಂಟಲು ದಣಿಸುವುದೇಕೆ? ಎಡಿಟಿಂಗಿನಲ್ಲಿ ಫ್ಯಾನ್ ಸದ್ದು ತೆಗೆಯಲು ಹೋದರೆ ಅವಳ ಧ್ವನಿಯೂ ಸವೆದು ತಗಡಾಗುತ್ತದೆ.

ಅಕ್ಕನಿಗೆ ಹೇಳಿದೆ. ಬಿಸಿನೀರು ಗುಟುಕರಿಸುತ್ತಾ ಕೇಳಿದಳು. "ಕ್ಲಾಸಲ್ಲೂ ಫ್ಯಾನ್ ತಿರುಗುತ್ತೆ ಕಣೋ. ಮಕ್ಕಳು ಅದನ್ನ ಕೇಳ್ತಾ ಕೂರಲ್ಲ."

ಕ್ವಾಲಿಟಿ ಬಗ್ಗೆ ನನ್ನ ಹಳೇ ಭಾಷಣ ಬಿಗಿದೆ. ಪಾಪ, ಲೋಟ ತೊಳೆಯಲು ಎದ್ದಳು.

ಮಾರ್ಚ್ 29

ಹೊಸ ಮಾಡೆಲ್ ಎರಡು ವಾರ ಮುಂದಕ್ಕೆ ಹೋಗಿದೆ. ಅಕ್ಕನ ಆಪರೇಷನ್ ಮಾತ್ರ ಈ ಸೋಮವಾರಕ್ಕೇ ಬಂದಿದೆ! ಗಂಟಲಿನ ಗಂಟು ಬೆಳೆದಿದೆ, ತಡ ಮಾಡುವಂತಿಲ್ಲ ಎಂದರಂತೆ ಡಾಕ್ಟರ್. ಭಾವ ಫೋನಿನಲ್ಲಿ ಹೇಳಿದರು.

ಅಂಗಡಿಗೆ ಓಡಿದೆ. ಹಳೇ ಮಾಡೆಲ್ ಖಾಲಿ. ಯಾವುದಾದರೂ ಕೊಡಪ್ಪಾ ಎಂದರೆ, ಆರ್ಡರ್ ಹಾಕಬೇಕು ಅಂದ. ಹೊಸದಕ್ಕೇ ದುಡ್ಡು ಕಟ್ಟಿ ಬಂದೆ. ಇನ್ನೇನು ಮಾಡಲಿ?

ಮಾರ್ಚ್ 30

ಹಳೇ ಗಿರಣಿಯನ್ನೇ ಹಚ್ಚಿದೆವು. ಅಕ್ಕ ಕಪಾಟಿನಲ್ಲಿ ಕುಳಿತಳು. ಸಾಲಿನ ಕೊನೆ ಬರುವಷ್ಟರಲ್ಲಿ ಧ್ವನಿ ಬತ್ತುತ್ತಿತ್ತು. ಪಾಠದ ನಡುವೆ ಪುಸ್ತಕ ಮುಚ್ಚಿ, ಹೊರಗೆ ಬಂದು ನನ್ನ ಬೆನ್ನು ತಟ್ಟಿದಳು. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 17

ಬಂತು. ನಿಜಕ್ಕೂ ಒಂದು ಚೂರು ಸದ್ದಿಲ್ಲ. ಮೇಜಿನ ಮೇಲೆ ಇಟ್ಟು ನೋಡುತ್ತಾ ಕುಳಿತೆ. ಖುಷಿಯಾಗಲಿಲ್ಲ.

ಏಪ್ರಿಲ್ 22

ಆಪರೇಷನ್ ಆದಾಗಿನಿಂದ ಅಕ್ಕ ಮಾತಾಡುವಂತಿರಲಿಲ್ಲ; ಇನ್ನು ಮಾತಾಡಬಹುದು ಎಂದರಂತೆ ಡಾಕ್ಟರ್. ನನಗೆ ಗೊತ್ತಿರಲಿಲ್ಲ. ಅಕ್ಕನ ಮನೆಯ ಹಾಲಿನಲ್ಲಿ ಪೇಪರ್ ಓದುತ್ತಿದ್ದೆ. ಹಿಂದಿನಿಂದ ಯಾರೋ ಕರೆದರು, ಒರಟು ದನಿ. ಭಾವನನ್ನು ನೋಡಲು ಬಂದವರಿರಬೇಕು ಎಂದುಕೊಂಡು ತಿರುಗಲಿಲ್ಲ.

ಅಕ್ಕ.

ಅವಳ ಮುಖ ನೋಡಲಾಗಲಿಲ್ಲ. ಕಾಫಿ ಬೇಕಾ ಎಂದು ಕೇಳಿದಳು, ಅಷ್ಟೇ. ಬೇಡ ಎಂದೆ.

ಏಪ್ರಿಲ್ 25, ಸಂಜೆ

ಅಂದು ಅಕ್ಕ ನಿಲ್ಲಿಸಿದ ಪಾಠದ ಉಳಿದರ್ಧ ನಾನೇ ಓದಲು ಕಪಾಟಿನಲ್ಲಿ ಕುಳಿತೆ. ಹೊಸದರಲ್ಲಿ ಅಕ್ಕನ ಹಳೇ ಫೈಲ್ ಹಾಕಿದೆ. ಗಿರಣಿಯ ಸದ್ದು, ಅದರ ಮೇಲೆ ಅವಳು. ಎಲ್ಲ ಎಷ್ಟು ಸ್ಪಷ್ಟ! ಒಂದು ಪದವೂ ತಪ್ಪಿಲ್ಲ. ಈ ಸದ್ದು ಹೋಗಲೆಂದೇ ನಾನು ಕಾದದ್ದು. ಅಳು ಬಂತು, ಭಾವನ ಕೋಟಿಗೆ ಮುಖ ಒರೆಸಿಕೊಂಡೆ.

ಅಕ್ಕ ಬಾಗಿಲು ತೆಗೆದು ಪುಸ್ತಕ ಕಿತ್ತುಕೊಂಡಳು. ಮಕ್ಕಳಿಗೆ ನಿನ್ನ ಗುರುತು ಸಿಗಲ್ಲ ಅಂದೆ.

"ನಾನೇ ಅಂತ ಮೊದಲು ಹೇಳ್ತೀನಿ. ಆಮೇಲೆ ಓದ್ತೀನಿ. ನಿನಗಿಂತ ಬೇಗ ಹಿಡೀತಾರೆ ಬಿಡು."

ಹೊರಗೆ ದಬ್ಬಿದಳು. ಬಿಸಿನೀರು ಕುಡಿದು ಕರೆಯುತ್ತಾಳಂತೆ. ಅಷ್ಟರೊಳಗೆ ಇದನ್ನು ಬರೆಯುತ್ತಿದ್ದೇನೆ. ಮೈಕ್ ಸಿದ್ಧ. ಹಳೇದನ್ನೂ ಪಕ್ಕದಲ್ಲಿ ಆನ್ ಮಾಡಿಟ್ಟಿದ್ದೇನೆ, ಏಕೋ ಗೊತ್ತಿಲ್ಲ. ಫ್ಯಾನ್ ಸದ್ದು ಇರಲಿ ಅಂತ...

ಕರೆದಳು. ಅವಳೇ. ಈ ಸಲ ತಿರುಗಿ ನೋಡಿದೆ.