ಹಳೆಯ ಕೀಲೆಣ್ಣೆ

೧೪–೩–೧೯೬೧, ಮಂಗಳವಾರ. ರಾತ್ರಿ ಹತ್ತು ಗಂಟೆ.

ಇವತ್ತು ಪಕ್ಕದ ಮನೆಯ ದುರ್ಗನನ್ನು ಹೊಡೆದೆ. ಎತ್ತಿನ ಗಾಡಿಯ ಗೂಟವನ್ನೇ ಕಿತ್ತು ಹೊಡೆದೆ. ಹಣೆ ಒಡೆದು ರಕ್ತ ಬಂತು. ಬಿದ್ದವನನ್ನು ಮತ್ತೆ ಒದ್ದೆ.

ಮಗ ಮಾಬ್ಲ ತೀರಿಕೊಂಡ ಮೇಲೆ ನಾನು ಗಾಲಿಗೆ ಕೀಲೆಣ್ಣೆ ಹಾಕಿರಲಿಲ್ಲ. ಕುಮಟೆ ಪೇಟೆಗೆಲ್ಲ ಕೇಳುವಂತೆ ಅದು ಕಿರುಚುತ್ತಿತ್ತು. ನಾನಿಲ್ಲದಾಗ ದುರ್ಗ ಗಾಲಿ ಕಳಚಿ, ಅಚ್ಚಿನ ಹಳೆಯ ಜಿಡ್ಡನ್ನೆಲ್ಲ ಕೆರೆದು, ಹೊಸ ಎಣ್ಣೆ ಹಚ್ಚಿದ್ದ.

“ಗಾಡಿ ಇನ್ನೂ ಹತ್ತು ವರ್ಷ ಬತ್ತದೆ ಮಾವ. ಇನ್ನ್ ಪೇಟೆ ನಾಯಿ ಬೊಗಳೂದಿಲ್ಲ,” ಎಂದು ನಗುತ್ತ ಚಿಂದಿಯಲ್ಲಿ ಕೈ ಒರೆಸಿಕೊಂಡ.

ಚಿಂದಿಗೆ ಹತ್ತಿದ್ದ ಆ ಕಪ್ಪು ಜಿಡ್ಡು ಮಾಬ್ಲ ಹಚ್ಚಿದ್ದು. ಅಚ್ಚಿನ ತುದಿಯಲ್ಲಿ ಅವನ ಬೆರಳಿನ ಗೀರು ಹಾಗೇ ಉಳಿದಿತ್ತು. ದಿನವೂ ನೋಡುತ್ತಿದ್ದೆ. ದುರ್ಗನಿಗೆ ಅದು ಗೊತ್ತಿರಲಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ.

ಹೆಂಡತಿ ಮಾದಿ ನನ್ನ ರಟ್ಟೆ ಹಿಡಿದೆಳೆದಳು. “ಒಬ್ಬ ಹೋದದ್ದು ಸಾಲ್ದಾ? ಇವ್ನನ್ನೂ ಕೊಲ್ತ್ರಾ?” ಅವಳನ್ನೂ ತಳ್ಳಿದೆ.

ಸಂಜೆ ಗಾಡಿ ಎಳೆದು ನೋಡಿದೆ. ಸದ್ದೇ ಇಲ್ಲ. ಕಡಿದು ಒಲೆಗೆ ಹಾಕಬೇಕೆನಿಸಿ ಕೊಡಲಿ ಎತ್ತಿದೆ. ಆದರೆ ಮಾಬ್ಲ ಇಷ್ಟು ಜೋಪಾನ ಮಾಡಿದ ಗಾಡಿ ಅದು, ಹೇಗೆ ತಾನೇ…

ನಾಳೆ ಧಾರೇಶ್ವರಕ್ಕೆ ತೆಂಗಿನಕಾಯಿ ಹೇರಬೇಕು. ಯಾವಾಗಲೂ ಹೇರಲು ಜೊತೆಗೆ ಬರುತ್ತಿದ್ದ ದುರ್ಗ ಬರುವುದಿಲ್ಲ.