ದೋಣಿಯ ಮೂರನೇ ಹಲಗೆ

ಇವಳೇ,

ಏಳು ಗಂಟೆ ಪಾಳಿಗೆ ಹೊರಟೆ, ನಿನ್ನ ಎಬ್ಬಿಸಲಿಲ್ಲ. ನಿಮ್ಮಪ್ಪನ ದೋಣಿಯ ಎಡಮೈಯನ್ನು ನಸುಕಿನಲ್ಲೇ ಎದ್ದು ಉಜ್ಜಿಟ್ಟಿದ್ದೀನಿ. ಅಲ್ಯೂಮಿನಿಯಂ ಹಾಗೇ ಬಿಟ್ಟರೆ ಮಂಕಾಗಿ ಬಣ್ಣ ಹಿಡಿಯಲ್ಲ, ಅದಕ್ಕೆ ಹತ್ತರೊಳಗೆ ಪ್ರೈಮರ್ ಬಳಿ. ಡಬ್ಬ ಮೆಟ್ಟಿಲ ಕೆಳಗಿದೆ. ಶೆಡ್ಡಿನ ಬಾಗಿಲು ತೆಗೆದಿಟ್ಕೋ, ಇಲ್ಲದಿದ್ರೆ ನಿನಗೆ ತಲೆನೋವು ಬರುತ್ತೆ.

ಎದುರುಮನೆ ವೆಲ್ಡರ್ ಇವತ್ತೂ ವಕ್ಕರಿಸ್ತಾನೆ, ಗೊತ್ತು. ತೂತು ಮುಚ್ಚೋ ಕೆಲಸ ಹೋದ ವಾರವೇ ಮುಗೀತಲ್ಲ ಅಂತ ಹೇಳು. ನಿನ್ನೆ ಅವನು ಬಲಮೈ ಸವರಿ, "ಕೈ ಅಂದ್ರೆ ನಿಮ್ದು ಕಣ್ರೀ, ಎಷ್ಟು ನುಣ್ಣಗೆ ಉಜ್ಜಿದ್ದೀರಿ" ಅಂದಾಗ ನಾಚಿಕೊಂಡು ನಕ್ಕೆಯಲ್ಲ, ಅದನ್ನ ಉಜ್ಜಿದ್ದೂ ನಾನೇ. ಈಗ ಹೇಳ್ತಿದ್ದೀನಿ. ಹೊಟ್ಟೆಕಿಚ್ಚು ಅಂತಲೇ ಅಂದ್ಕೋ.

ನಿನ್ನ ಕೈಗವಸು ಹರಿದಿದೆ. ನನ್ನದು ಹಾಕ್ಕೋ, ಅವನದು ಬೇಡ.

ಭಾನುವಾರ ದೋಣಿ ನೀರಿಗಿಳಿಸೋವಾಗ ತಾನೂ ಕೂರ್ತೀನಿ ಅಂತ ಹಲ್ಲು ಕಿರೀತಿದ್ದ. ಕೂರೋ ಮೂರು ಹಲಗೆಗಳಲ್ಲಿ ಒಂದನ್ನ ಬಿಚ್ಚಿ ನನ್ನ ಜೊತೆ ಒಯ್ತಿದ್ದೀನಿ, ಹುಡುಕಬೇಡ. ಬಸ್ಸಿನಲ್ಲಿ ಜನ ನಕ್ಕರೆ ನಗಲಿ.

ಇಬ್ಬರಿಗೆ ಎರಡು ಸಾಕು.