ನನ್ನ ದಿಂಬಿನ ಘಾಟು

ರೀ,

ಏಳೂವರೆ ಬಸ್ಸಿಗೆ ಮೈಸೂರಿಗೆ ಹೋಗುತ್ತಿದ್ದೇನೆ, ಡಾಕ್ಟರನ್ನು ನೋಡಲು. ಮುದ್ದೆ ಮಾಡಿಟ್ಟಿದ್ದೇನೆ, ಉಪ್ಸಾರು ಬಿಸಿ ಮಾಡಿಕೊಳ್ಳಿ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಬೆಂಕಿ ಆರಿಸಬೇಡಿ, ಎಲೆಯ ನಡುಕಡ್ಡಿ ಇನ್ನೂ ಹಸಿಯಿದೆ.

ಮನಸ್ಸಿನ ಮಾತ್ರೆ ಶುರುವಾಗಿ ತಿಂಗಳಾದ ಮೇಲೆ ದಿಂಬಿನಲ್ಲಿ, ಹಾಲಿನಲ್ಲಿ, ನಿಮ್ಮ ಅಂಗಿಯಲ್ಲಿ ಏನೋ ಘಾಟು ಎಂದೆನಲ್ಲ. “ನಮಗ್ಯಾರ್ಗೂ ಬರ್ದಿರೋ ವಾಸ್ನೆ ನಿಂಗೊಬ್ಳಿಗೆ ಬತ್ತದಾ? ಆ ಮಾತ್ರೆ ಬುಟ್ಬುಡು ಕಣೇ” ಎಂದಿರಿ. ನಾನೂ ನಂಬಿ ಮೂರು ದಿನ ನುಂಗಲಿಲ್ಲ.

ನಿನ್ನೆ ಚುಂಚನಕಟ್ಟೆಯಿಂದ ನನ್ನ ತಂಗಿ ಬಂದಿದ್ದಳಲ್ಲ, ಅವರದು ಭತ್ತ ಬೆಳೆಯುವ ಮನೆ. ಏನೂ ಹೇಳದೆ ನನ್ನ ದಿಂಬನ್ನು ಅವಳ ಮೂಗಿಗೆ ಹಿಡಿದೆ.

“ಹೊಗೆಸೊಪ್ಪು ಕಣಕ್ಕ! ನಿಮ್ಮನೇಲಿ ಯಾವಾಗ್ಲೂ ಇದೇ ವಾಸ್ನೆ” ಎಂದಳು.

ಅಂದರೆ ಘಾಟು ಮೊದಲಿಂದಲೂ ಇತ್ತು. ನಿಮ್ಮ ಮೂಗು ಅದಕ್ಕೆ ಒಗ್ಗಿಹೋಗಿದೆ. ನನ್ನ ಮೂಗು ಅಮ್ಮ ಹೋದಾಗಿನಿಂದ ಸತ್ತೇ ಹೋಗಿತ್ತು. ಈಗ ಅದನ್ನು ಎಬ್ಬಿಸಿದ್ದು ಮಾತ್ರೆಯೇ? ಡಾಕ್ಟರನ್ನೇ ಕೇಳುತ್ತೇನೆ. ಇವತ್ತಿನ ಮಾತ್ರೆ ನುಂಗಿಯಾಯಿತು, ಬೈಯಬೇಡಿ.

ಇನ್ನೊಂದು ಮಾತು. ಅಮ್ಮನ ಸೀರೆ ಟ್ರಂಕಿನಲ್ಲಿದೆ. ಸೊಪ್ಪು ಮುಟ್ಟಿದ ಕೈಯಲ್ಲಿ ಅದನ್ನು ತೆಗೆಯಬೇಡಿ. ಅಮ್ಮನ ವಾಸನೆ ಉಳಿದಿದೆಯೇ ಎಂದು ಬಂದ ಮೇಲೆ ನಾನೇ ಮೂಸಿ ನೋಡುತ್ತೇನೆ.

ಪ್ರಮೀಳಾ